ಎಡಗೆನ್ನೆಯ ಕೆಂಪು

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಈಗಲೂ ಫೋನು ಬಂದರೆ ಮಾತು ಮುಗಿಯುವಷ್ಟರಲ್ಲಿ ಎಲ್ಲ ಕೋಣೆಗಳಿಗೂ ನಾಲ್ಕು ಸಲ ಹೋಗಿ ಬಂದಿರುತ್ತೇನೆ. ಊರಂಚಿನ ವಾಕಡದ ಈ ಫ್ಲ್ಯಾಟಿನ ಮೇಲೆ ನನ್ನ ಮುಖ್ಯ ತಕರಾರೆಂದರೆ ಇಲ್ಲಿ ಕೋಣೆಗಳು ಬೇಗ ಮುಗಿದುಬಿಡುತ್ತವೆ. ನಾನು ಬೆಳೆದ ಮನೆಯಲ್ಲಿದ್ದದ್ದೂ ಮೂರೇ ಕೋಣೆ, ಆದರೆ ಓಡುವುದಕ್ಕೆ ಜಾಗ ಬೇಕಾದಷ್ಟಿತ್ತು. ಇದೇ ಮರಾಠಿ ಊರಿನ ಸ್ವಾರಗೇಟ್ ಬಸ್‌ನಿಲ್ದಾಣದ ಹಿಂಭಾಗದಲ್ಲಿ ಹತ್ತಾರು ಸಂಸಾರಗಳ ಒಂದು ಹಳೆಯ ವಾಡೆ, ಅದರ ಎರಡನೆಯ ಮಹಡಿಯಲ್ಲಿ ನಾವು. ಕೋಣೆಗಳು ಒಂದರ ಹಿಂದೊಂದು ಸಾಲಾಗಿದ್ದವು: ಮುಂದಿನದು ಊಟದ್ದು, ನಡುವಿನದು ಮಲಗುವುದು, ಹಿಂದಿನದು ಅಡುಗೆಯದು. ಅಡುಗೆಮನೆಯ ಹಿಂಬಾಗಿಲು ದಾಟಿದರೆ ಉದ್ದಕ್ಕೆ ಕಟ್ಟಿಗೆಯ ಗ್ಯಾಲರಿ, ಅದರ ತುದಿಗೆ ಎಲ್ಲರಿಗೂ ಸೇರಿದ ನಲ್ಲಿ, ನಲ್ಲಿಯ ಪಕ್ಕದಿಂದ ಮಾಳಿಗೆಗೆ ಮೂವತ್ತೆರಡು ಮೆಟ್ಟಿಲು. ಮುಂಬಾಗಿಲಿನಿಂದ ಹೊರಟು ಮೂರೂ ಕೋಣೆ ಸೀಳಿಕೊಂಡು ಹಿಂದೆ ಹೊರಬಿದ್ದು, ಮಾಳಿಗೆ ಹತ್ತಿ ಇಳಿದು ಬಂದರೆ ನನ್ನ ಲೆಕ್ಕದಲ್ಲಿ ಒಂದು ಸುತ್ತು. ದಿನಕ್ಕೆ ಇಂಥವು ಎಷ್ಟು ಸುತ್ತಾಗುತ್ತಿದ್ದವೋ ದೇವರಿಗೇ ಗೊತ್ತು. ನನ್ನನ್ನು ಹೆರುವುದಕ್ಕಿಂತ ನನ್ನನ್ನು ಒಂದು ಕಡೆ ಕೂರಿಸುವುದೇ ಹೆಚ್ಚು ತ್ರಾಸಿನ ಕೆಲಸವೆಂದು ಅವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ನಮ್ಮದು ಖಾನಾವಳಿಯ ಮನೆ. ಅಪ್ಪ ವಿಜಾಪುರದ ಕಡೆಯವನು, ಮಾರ್ಕೆಟ್ ಯಾರ್ಡಿನಲ್ಲಿ ಒಂದು ಬೆಲ್ಲದ ಅಂಗಡಿಯ ಗುಮಾಸ್ತ. ಅಲ್ಲಿಗೆ ಬರುವ ನಮ್ಮ ಕಡೆಯ ಲಾರಿ ಡ್ರೈವರುಗಳು, ಹಮಾಲರು, ಹೆಂಡಿರು ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗುಮಾಸ್ತರು ಜೋಳದ ರೊಟ್ಟಿಗಾಗಿ ಹಲುಬುವುದನ್ನು ಕೇಳಿ ಕೇಳಿ ಒಂದು ದಿನ ಇಬ್ಬರನ್ನು ಊಟಕ್ಕೆ ಕರೆತಂದನಂತೆ. ಇಬ್ಬರು ಆರಾದರು, ಆರು ಹದಿನೈದಾದರು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಮುಂದಿನ ಕೋಣೆ ನಮ್ಮದಾಗಿರುತ್ತಿರಲಿಲ್ಲ. ಗೋಡೆಗುಂಟ ಮಣೆ ಹಾಕಿ ಸಾಲಾಗಿ ಕೂತು ಅವರು ಉಣ್ಣುತ್ತಿದ್ದರು: ಬಿಸಿ ರೊಟ್ಟಿ, ಎಣ್ಣೆಗಾಯಿ, ಒಂದು ಕಾಳಿನ ಪಲ್ಯ, ಶೇಂಗಾ ಚಟ್ನಿ, ಆಮೇಲೆ ಅನ್ನ ಸಾರು. ಅವ್ವ ಹತ್ತು ಗಂಟೆಗೇ ಸ್ಟವ್ ಮುಂದೆ ಕೂತರೆ ಮೂರರವರೆಗೆ ಏಳುತ್ತಿರಲಿಲ್ಲ. ಪರಾತದಲ್ಲಿ ಹಿಟ್ಟು ನಾದಿ, ತಟ್ಟಿ, ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ ಮಗುಚುವಷ್ಟರಲ್ಲಿ ಇನ್ನೊಂದು ಕೈಯಲ್ಲಿ ಮುಂದಿನ ಉಂಡೆ ಸಿದ್ಧವಾಗಿರುತ್ತಿತ್ತು. ಆಯಿ, ಅಂದರೆ ಅಪ್ಪನ ತಾಯಿ, ನಡುವಿನ ಕೋಣೆಯ ಹೊಸ್ತಿಲ ಮೇಲೆ ಬೇಳೆ ಆರಿಸುತ್ತ ಕೂತು ಎರಡೂ ಕಡೆಯ ಮೇಲೆ ಕಣ್ಣಿಟ್ಟಿರುತ್ತಿದ್ದಳು. ಉಪ್ಪು, ಹಸಿ ಉಳ್ಳಾಗಡ್ಡಿ ಬಡಿಸುವುದು ನನ್ನ ಪಾಲಿನ ಕೆಲಸ. ಕೊನೆಯ ಗಿರಾಕಿ ಎದ್ದು ಕೈತೊಳೆದ ಮೇಲೆಯೇ ನಮ್ಮ ಊಟ.

ನನಗೆ ಏಳು ವರ್ಷವಿದ್ದಾಗ, ಒಂದು ಬೇಸಿಗೆಯ ಮಧ್ಯಾಹ್ನ, ಹಿಂಬಾಗಿಲಿನಿಂದ ಓಡಿಬಂದವಳು ಅಡುಗೆಮನೆಯ ನಡುವೆ ಇಳಿಸಿಟ್ಟಿದ್ದ ಸಾರಿನ ಬೋಗುಣಿಗೆ ಕಾಲು ಕೊಟ್ಟೆ. ಹದಿನೈದು ಜನರ ಸಾರು ನೆಲದ ಪಾಲಾಯಿತು. ಹೊರಗೆ ಹದಿನೈದು ಜನ ಅನ್ನ ಕಲಸಿಕೊಳ್ಳಲು ಕಾದು ಕೂತಿದ್ದರು. ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ರಪ್ಪನೆ ನನ್ನ ಎಡಗಪಾಳಕ್ಕೆ ಬಾರಿಸಿದಳು. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ನಾನಾಗಿದ್ದರೆ ಎರಡು ಬಾರಿಸುತ್ತಿದ್ದೆ. ನಾನು ಅಳುತ್ತ ಮಾಳಿಗೆಗೆ ಓಡಿದೆ, ಸಿಟ್ಟಿನಲ್ಲಿ ಅಲ್ಲಿಯೇ ಸುತ್ತು ಹೊಡೆದೆ, ಬಿಸಿಲಿಗೆ ಕಾಲು ಚುರುಗುಟ್ಟಿದಾಗ ಇಳಿದು ಬಂದೆ. ಅಷ್ಟರಲ್ಲಿ ಅವ್ವ ಮಜ್ಜಿಗೆಗೆ ಒಗ್ಗರಣೆ ಕೊಟ್ಟು ಪಂಕ್ತಿಯ ಮಾನ ಕಾಪಾಡಿದ್ದಳು. ನನ್ನನ್ನು ಮೊದಲು ನೋಡಿದವಳು ಆಯಿ.

“ಅಯ್ಯ ನಮ್ಮವ್ವ, ಇದೇನ ಇದು! ಕೂಸಿನ ಅರ್ಧಾ ಮಾರಿ ಕೆಂಪ ಕೆಂಡ ಆಗೇತಿ. ಹಿಂಗ ಹೊಡೀತಾರೇನ?”

ಅವ್ವ ಬಂದು ನೋಡಿದಳು. ಎಡಗೆನ್ನೆ ಕೆಂಪಗೆ ಉರಿಯುತ್ತಿತ್ತು, ಅದರ ಮೇಲೆ ಬೆವರು ಇಳಿಯುತ್ತಿತ್ತು. ಬಲಗೆನ್ನೆ ಬೆಳ್ಳಗೆ, ಒಣಗಿಕೊಂಡು, ಏನೂ ಆಗದಂತೆ ಇತ್ತು. ಹಣೆಯ ನಡುವಿನಿಂದ ಗದ್ದದವರೆಗೆ ಯಾರೋ ನೂಲು ಹಿಡಿದು ಗೆರೆ ಎಳೆದಂತಿತ್ತಂತೆ. ಅಂಗೈ ಎಷ್ಟೇ ದೊಡ್ಡದಿದ್ದರೂ ಹಣೆಯಿಂದ ಗದ್ದದವರೆಗೆ ಗೆರೆ ಹಿಡಿದು ಹೊಡೆಯಲು ಸಾಧ್ಯವೇ ಎಂದು ಆ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಬೆವರು ಯಾಕೆ ಅರ್ಧಕ್ಕೇ ಬಂತೆಂದೂ ಕೇಳಲಿಲ್ಲ. ಅರ್ಧ ಗಂಟೆಯಲ್ಲಿ ಕೆಂಪು ಇಳಿಯಿತು, ಎಲ್ಲರೂ ನಿಟ್ಟುಸಿರು ಬಿಟ್ಟರು. ಮರುದಿನ ನಾನು ಯಥಾಪ್ರಕಾರ ಓಡಿದೆ, ಅದೇ ಕೆನ್ನೆ ಮತ್ತೆ ಕೆಂಪಾಯಿತು. ಅದರ ಮರುದಿನವೂ ಆಯಿತು. ಮೊದಲೂ ಹೀಗೇ ಆಗುತ್ತಿತ್ತೋ ಏನೋ, ಹೊಡೆತ ಬೀಳುವವರೆಗೆ ನನ್ನ ಮುಖವನ್ನು ನಿಂತು ನೋಡಲು ಯಾರಿಗೆ ಪುರುಸೊತ್ತಿತ್ತು? ಮನೆಯವರ ತೀರ್ಮಾನ ಒಂದೇ: ಅವ್ವನ ಏಟಿಗೆ ಮಗುವಿನ ಮುಖದಲ್ಲಿ ಏನೋ ಕೆಟ್ಟಿದೆ, ಅದು ಇನ್ನು ಸರಿಯಾಗುವುದಿಲ್ಲ.

ಅಂದಿನಿಂದ ಅವ್ವ ನನ್ನ ಮೇಲೆ ಕೈ ಎತ್ತಲಿಲ್ಲ. ಅಷ್ಟೇ ಆಗಿದ್ದರೆ ನನಗೆ ಸಂತೋಷವೇ. ಆದರೆ ದಿನವೂ ಮೂರು ಗಂಟೆಗೆ, ನಮ್ಮ ಊಟವಾದ ಮೇಲೆ, ಬೆಣ್ಣೆಯಲ್ಲಿ ಗಂಧ ತೇಯ್ದು ಕಲಸಿ ಎಡಗೆನ್ನೆಗೆ ಹಚ್ಚುವ ಕಾರ್ಯಕ್ರಮ ಶುರುವಾಯಿತು. ಒಂದು ಮಾತಿಲ್ಲದೆ, ಕೆನ್ನೆ ಒಡೆದೀತು ಎಂಬಷ್ಟು ಮೆಲ್ಲಗೆ ಹಚ್ಚುತ್ತಿದ್ದಳು. ನನಗೆ ಅಷ್ಟು ಹೊತ್ತು ಕೂರಲಾಗದೆ ಕಾಲು ಕುಣಿಸುತ್ತಿದ್ದೆ. ಬೆಣ್ಣೆಯ ವಾಸನೆಗೆ ವಾಡೆಯ ಬೆಕ್ಕು ದಿನವೂ ಅದೇ ಹೊತ್ತಿಗೆ ಹಾಜರಾಗುತ್ತಿತ್ತು. ಆಯಿಯ ಚಿಕಿತ್ಸೆ ಬೇರೆ. ಅಮಾವಾಸ್ಯೆಗೊಮ್ಮೆ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನನಗೆ ಇಳಿತೆಗೆದು ಇದ್ದಲಿನ ಶೆಗಡಿಗೆ ಹಾಕುತ್ತಿದ್ದಳು. ಘಾಟು ಏಳದಿದ್ದರೆ ದೃಷ್ಟಿ ಜೋರಾಗಿ ತಾಗಿದೆ ಎಂದರ್ಥ. ಎದ್ದರೆ ಮುಂದಿನ ಕೋಣೆಯಲ್ಲಿ ಉಣ್ಣುತ್ತಿದ್ದವರೆಲ್ಲ ಕೆಮ್ಮಿ ನೀರು ಕುಡಿಯಬೇಕು. ಓಣಿಯ ಡಾಕ್ಟರು ಉಷ್ಣವೆಂದು ಗುಲಾಬಿ ಬಣ್ಣದ ಒಂದು ಔಷಧ ಕೊಟ್ಟರು, ಅದನ್ನೂ ಎಡಗಡೆಗೇ ಹಚ್ಚಿದೆವು. ಬೆಳಗಿನ ಶಾಲೆಗೆ ಹೋಗುವಾಗ ಬಡಿದುಕೊಂಡ ಪೌಡರು ಸಂಜೆಯವರೆಗೆ ಬಲಗಡೆ ಹಾಗೇ ಇರುತ್ತಿತ್ತು, ಎಡಗಡೆ ಮೊದಲನೆಯ ತಾಸಿಗೇ ತೊಳೆದುಹೋಗುತ್ತಿತ್ತು. ಹಣೆಯ ಟಿಕಳಿ ಕೂಡ ಎಡದ ಅರ್ಧ ಎದ್ದು, ಬಲದ ಅರ್ಧ ಅಂಟಿಕೊಂಡು ನೇತಾಡುತ್ತಿತ್ತು. ನಮ್ಮ ಕಾಯಂ ಗಿರಾಕಿ, ಬೆಲ್ಲದ ಪೆಂಟೆ ಎತ್ತುವ ಸಿದ್ದಪ್ಪ ಕಾಕಾ, ನಾನು ಉಳ್ಳಾಗಡ್ಡಿ ತಂದಾಗಲೆಲ್ಲ ತಪ್ಪದೆ ಕೇಳುತ್ತಿದ್ದ:

“ಏನ ತಂಗಿ, ಇವತ್ತೂ ಬಿಸಲಾಗ ಅರ್ಧಾನ ನಿಂತಿದ್ದೇನ?”

ಎಲ್ಲರೂ ನಗುತ್ತಿದ್ದರು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ಆ ಹೊತ್ತಿಗೆ ಒಂದು ಕ್ಷಣ ನಿಲ್ಲುತ್ತಿತ್ತು. ಆ ನಿಲ್ಲುವಿಕೆಯ ಅರ್ಥ ನನಗೆ ಬೇಗ ತಿಳಿಯಿತು. ಮಕ್ಕಳಿಗೆ ಇಂಥದ್ದೆಲ್ಲ ಯಾರೂ ಕಲಿಸಬೇಕಾಗಿಲ್ಲ. ಮೂರನೆಯ ಇಯತ್ತೆಯಲ್ಲಿರುವಾಗ ಗೆಳತಿಯ ಬಳಿ ಇದ್ದಂಥ ಗಾಲಿಯಿದ್ದ ಕಂಪಾಸ್ ಪೆಟ್ಟಿಗೆ ಬೇಕೆಂದು ಹಟ ಹಿಡಿದಿದ್ದೆ, ಅವ್ವ ಕಿವಿಗೆ ಹಾಕಿಕೊಂಡಿರಲಿಲ್ಲ. ಒಂದು ದಿನ ಆಟ ಮುಗಿಸಿ ಬಂದು ಸುಮ್ಮನೆ ಅವಳ ಎದುರು ನಿಂತೆ, ಎಡಗೆನ್ನೆ ಅವಳ ಕಡೆಗಿತ್ತು. ಅವ್ವ ತಲೆ ಎತ್ತಿ ನೋಡಿದಳು. ಕೈ ಹಿಟ್ಟಿನಲ್ಲೇ ನಿಂತಿತು.

“ಆತು ತಗೋ. ನಾಳೆ ನಿಮ್ಮಪ್ಪಗ ಹೇಳ್ತೀನಿ.”

ಅಲ್ಲಿಂದ ನನ್ನ ವಿದ್ಯೆ ಬೆಳೆಯಿತು. ಮಾಳಿಗೆಯ ಮೆಟ್ಟಿಲನ್ನು ಮೂರು ಸಲ ಓಡಿ ಹತ್ತಿ ಇಳಿದರೆ ಕೆಂಪು ಚೆನ್ನಾಗಿ ಬರುತ್ತಿತ್ತು, ಹತ್ತು ನಿಮಿಷ ನಿಲ್ಲುತ್ತಿತ್ತು. ಚಳಿಗಾಲದಲ್ಲಿ ಐದು ಸಲ ಹತ್ತಬೇಕು. ಮಾತು ಆಡಬಾರದು, ಅಳಬಾರದು, ಬೇಡಿಕೆಯನ್ನು ಹಿಂದಿನ ದಿನವೇ ಹೇಳಿಟ್ಟಿರಬೇಕು; ಇವತ್ತು ಬಂದು ನಿಂತರೆ ಸಾಕು. ರೊಟ್ಟಿ ತಟ್ಟುವುದನ್ನು ಕಲಿಯುವುದರಿಂದ ಹೀಗೆಯೇ ತಪ್ಪಿಸಿಕೊಂಡೆ. ಬೇಸಿಗೆಯ ರಜೆಗೆ ಎಲ್ಲರೊಂದಿಗೆ ಊರಿಗೆ ಹೋಗದೆ ಗೆಳತಿಯ ಮನೆಯಲ್ಲಿ ಉಳಿದೆ. ಎಂಟನೆಯ ಇಯತ್ತೆಯಲ್ಲಿ, ಆಯಿ ಎದೆ ಎದೆ ಬಡಿದುಕೊಂಡರೂ, ಕೂದಲು ಭುಜದವರೆಗೆ ಕತ್ತರಿಸಿಕೊಂಡೆ. ಅಪ್ಪ ಒಮ್ಮೊಮ್ಮೆ ಸಿಡಿಯುತ್ತಿದ್ದ.

“ನೀನ ಅಕಿನ್ನ ತಲಿ ಮ್ಯಾಲೆ ಕೂಡಿಸ್ಕೊಂಡೀದಿ. ನಾಳೆ ಇಳಸಾಕ ಬರಂಗಿಲ್ಲ ನೋಡು.”

“ಇರ್ಲಿ ಬಿಡ್ರಿ. ಸಣ್ಣಾಕಿ.”

ಅವ್ವನ ಉತ್ತರ ಯಾವಾಗಲೂ ಅಷ್ಟೇ. ಮದುವೆಯಾಗಿ ಬಂದ ಹೊಸತರಲ್ಲಿ ಅವ್ವ ಬಲು ಬಾಯಿಯವಳಾಗಿದ್ದಳಂತೆ. ಕಿರಾಣಿಯವನು, ಸ್ಟವಿಗೆ ರಾಕೆಲ್ ಎಣ್ಣೆ ತರುವವನು, ನಲ್ಲಿಯ ಬಳಿಯ ಹೆಂಗಸರು ಎಲ್ಲರೂ ಅವಳ ಮರಾಠಿಗೆ ಹೆದರುತ್ತಿದ್ದರು. ಹೊರಗೆ ಆ ಬಾಯಿ ಹಾಗೇ ಉಳಿಯಿತು, ಮನೆಯೊಳಗೆ ಬಿದ್ದುಹೋಯಿತು. ಅತ್ತೆ ಸೊಸೆಯರಿಗೆ ಜಗಳಕ್ಕೆ ಕಾರಣಗಳಿಗೇನು ಕೊರತೆ? ಸಾರಿಗೆ ಹುಣಸೆ ಹೆಚ್ಚಾಯಿತು, ಹಬ್ಬದ ಹೋಳಿಗೆಗೆ ಬೆಲ್ಲ ಕಡಿಮೆಯಾಯಿತು, ಎಣ್ಣೆ ಬೇಗ ತೀರಿತು. ಅವ್ವ ಎರಡು ಮಾತು ಆಡುತ್ತಿದ್ದಳು, ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಆಯಿ ತನ್ನ ಅಸ್ತ್ರ ತೆಗೆಯುತ್ತಿದ್ದಳು.

“ನನಗ ಹೇಳಾಕ ಬರ್ತೀಯೇನ? ಹೆಣ್ಣ ಕೂಸಿನ ಮಾರಿ ಕೆಡಸಿದಾಕಿ ನೀನು. ನಾಳೆ ಅಕಿನ್ನ ಯಾರ ಮಾಡ್ಕೋತಾರ?”

ಅಲ್ಲಿಗೆ ಜಗಳ ಮುಗಿಯುತ್ತಿತ್ತು. ಅವ್ವ ಸ್ಟವ್‌ಗೆ ಪಂಪು ಹೊಡೆಯುತ್ತ ಕೂರುತ್ತಿದ್ದಳು. ನಡುವಿನ ಕೋಣೆಯಲ್ಲಿ ಪುಸ್ತಕ ಹಿಡಿದು ಅಡ್ಡಾಡುತ್ತಿದ್ದ ನಾನು ಎಲ್ಲವನ್ನೂ ಕೇಳುತ್ತಿದ್ದೆ. ‘ಆಯಿ, ಸುಮ್ಮನಿರು, ನನಗೇನೂ ಆಗಿಲ್ಲ, ನೋವಿಲ್ಲ, ಉರಿಯಿಲ್ಲ’ ಎಂದು ಒಂದು ಮಾತು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಹೋಗುತ್ತಿತ್ತು, ಅದೇ ಕಾರಣಕ್ಕೆ ಹೇಳಲಿಲ್ಲ. ಅವ್ವನ ತಪ್ಪು ಇರುವವರೆಗೆ ನನ್ನ ಆಟ ನಡೆಯುತ್ತದೆ ಎಂಬುದು ನನಗೆ ಹತ್ತನೆಯ ವಯಸ್ಸಿಗೇ ಗೊತ್ತಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆಗ ಆಗುತ್ತಿರಲಿಲ್ಲ. ವರ್ಷಕ್ಕೊಮ್ಮೆ ದೀಪಾವಳಿಗೆ ಫೋಟೊ ತೆಗೆಸುವಾಗ ಅವ್ವ ನನ್ನ ಗದ್ದ ಹಿಡಿದು ಬಲಗೆನ್ನೆ ಕ್ಯಾಮೆರಾದ ಕಡೆಗೆ ತಿರುಗಿಸಿ ನಿಲ್ಲಿಸುತ್ತಿದ್ದಳು. ಆ ಮನೆಯ ಗೋಡೆಯ ಮೇಲಿದ್ದ ನನ್ನ ಫೋಟೊಗಳಲ್ಲೆಲ್ಲ ನಾನು ಬಾಗಿಲ ಕಡೆ ಯಾರೋ ಬಂದರೆಂದು ನೋಡುತ್ತಿರುವಂತೆ ಇದ್ದೇನೆ.

ಕಾಲೇಜಿಗೆ ಸೇರಿದ ಮೇಲೆ ನನ್ನ ಓಟಕ್ಕೆ ಕೊನೆಗೂ ಒಂದು ಮೈದಾನ ಸಿಕ್ಕಿತು. ಒಂದು ಬೆಳಿಗ್ಗೆ ಎಂಟು ಸುತ್ತು ಮುಗಿಸಿ ಬಂದು ಮೊಣಕಾಲಿಗೆ ಕೈ ಊರಿ ನಿಂತಿದ್ದಾಗ ನಮ್ಮ ಕ್ರೀಡಾ ಶಿಕ್ಷಕಿ ನನ್ನ ಮುಖ ನೋಡಿ ಗಾಬರಿಯಾದರು. ಅವರಿಗೆ ಇದು ಲಕ್ವಾದ ಶುರುವಾತಿನಂತೆ ಕಂಡಿತು. ನಗು ಅಂದರು, ನಕ್ಕೆ. ಕೈ ಎತ್ತು ಅಂದರು, ಎತ್ತಿದೆ. ಚಿಕ್ಕಂದಿನಿಂದ ಹೀಗೇ ಇದೆ ಎಂದರೂ ಬಿಡದೆ, ದೊಡ್ಡ ಆಸ್ಪತ್ರೆಯ ನರದ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಚೀಟಿ ನೋಡಿ ಅವ್ವ ಅವತ್ತಿನ ಖಾನಾವಳಿಯನ್ನು ಬಂದ್ ಮಾಡಿದಳು. ಅದಕ್ಕೆ ಮೊದಲು ಖಾನಾವಳಿ ಬಂದ್ ಆದದ್ದು ನನ್ನ ಮುತ್ಯಾ, ಅಂದರೆ ಅಪ್ಪನ ಅಪ್ಪ, ಸತ್ತಾಗ ಮಾತ್ರ.

ಆಸ್ಪತ್ರೆಯಲ್ಲಿ ಡಾಕ್ಟರರ ಸುತ್ತ ಏಳೆಂಟು ವಿದ್ಯಾರ್ಥಿಗಳಿದ್ದರು, ಒಳಗೆ ಜಾಗವಿಲ್ಲವೆಂದು ಅವ್ವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಡಾಕ್ಟರು ನನಗೆ ಹೇಳಿದ ಮೊದಲ ಮಾತು, ನಾಲ್ಕು ಮಹಡಿ ಓಡಿ ಹತ್ತಿ ಇಳಿದು ಬಾ ಎಂಬುದು. ಜೀವನದಲ್ಲಿ ಮೊದಲ ಸಲ ಒಬ್ಬರು ನನಗೆ ಓಡಲು ಹೇಳಿದ್ದರು, ಓಡಿದೆ. ತಿರುಗಿ ಬಂದಾಗ ಅವರು ಖುಷಿಯಿಂದ ನನ್ನ ಗದ್ದ ಹಿಡಿದು, ಹಣೆಯ ನಡುವೆ ಬೆರಳಿನಿಂದ ಗೆರೆ ಎಳೆದು, ಹುಡುಗರಿಗೆ ಇಂಗ್ಲಿಷಿನಲ್ಲಿ ಪಾಠ ಮಾಡಿದರು. ಹಾರ್ಲೆಕ್ವಿನ್ ಸಿಂಡ್ರೋಮ್ ಎಂದು ಅದರ ಹೆಸರು, ತೀರಾ ಅಪರೂಪದ್ದು, ಅವರೇ ನೋಡುತ್ತಿರುವುದು ಇದು ಎರಡನೆಯದಂತೆ. ಆಮೇಲೆ ನನ್ನ ಕಡೆ ತಿರುಗಿ ಮರಾಠಿಯಲ್ಲಿ ಬಿಡಿಸಿ ಹೇಳಿದರು. ಸೆಖೆಯಾದಾಗ ಮುಖಕ್ಕೆ ರಕ್ತ ಕಳಿಸುವ, ಬೆವರು ಬರಿಸುವ ನರಗಳು ಎರಡೂ ಕಡೆಗೆ ಬೇರೆ ಬೇರೆ ಇರುತ್ತವೆ. ನನಗೆ ಬಲಗಡೆಯವು ಕೆಲಸ ಮಾಡುವುದಿಲ್ಲ. ಎಡಗಡೆಯವು ಮಾಡುತ್ತವೆ. ಓಡಿದವರ ಮುಖ ಕೆಂಪಾಗಬೇಕು, ಬೆವರಬೇಕು. ಹಾಗಾಗಿ ಕೆಂಪಾಗುವ ಕೆನ್ನೆಯೇ ಸರಿಯಾದದ್ದು. ಕೆಟ್ಟದ್ದು ಬೆಳ್ಳಗೆ ಉಳಿಯುವುದು.

ನನಗೆ ಕೂತ ಸ್ಟೂಲಿನ ಮೇಲೆ ಕೂರಲಾಗಲಿಲ್ಲ. ಹನ್ನೊಂದು ವರ್ಷ ಬೆಣ್ಣೆ ಹಚ್ಚಿಸಿಕೊಂಡದ್ದು ನೆಟ್ಟಗಿದ್ದ ಅರ್ಧಕ್ಕೆ. ಚೆಂದದ್ದೆಂದು ಗೋಡೆಗೆ ತೂಗುಹಾಕಿದ್ದು ಕೆಟ್ಟ ಅರ್ಧವನ್ನು. ಕಪಾಳಕ್ಕೆ ಬಿದ್ದ ಏಟಿಗೆ ಹೀಗಾಗಬಹುದೇ ಎಂದು ಕೇಳಿದೆ. ಡಾಕ್ಟರು ನಕ್ಕುಬಿಟ್ಟರು. ಏಟು ಬಿದ್ದದ್ದು ಎಲ್ಲಿಗೆ ಎಂದರು, ಎಡಕ್ಕೆ ಎಂದೆ. ಎಡಕ್ಕೆ ಏನೂ ಆಗಿಯೇ ಇಲ್ಲವಲ್ಲ ಎಂದರು. ಕಾರಣ ಎಷ್ಟೋ ಜನರಲ್ಲಿ ಸಿಗುವುದೇ ಇಲ್ಲ, ಇದರಿಂದ ಅಪಾಯವಿಲ್ಲ, ಔಷಧವೂ ಬೇಕಿಲ್ಲ. ಬೇರೇನೂ ಇಲ್ಲವೆಂದು ಖಾತ್ರಿಗೆ ಎದೆಯದೂ ಕುತ್ತಿಗೆಯದೂ ಎಕ್ಸ್‌ರೇ ತೆಗೆಸಿ ಹೋಗು ಎಂದು ಕಾಗದ ಬರೆದರು. ಹೊರಗೆ ಬಂದಾಗ ಅವ್ವ ಬೆಂಚಿನಿಂದ ಎದ್ದು ನಿಂತಿದ್ದಳು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಿದ್ದಳು.

“ಏನಂದ್ರು?”

“ನರದ್ದಂತ. ಜೀವಕ್ಕೇನೂ ಭೀತಿ ಇಲ್ಲಂತ. ಔಷಧ ಬ್ಯಾಡಂತ.”

“ಮತ್ತ?”

“ಮತ್ತೇನಿಲ್ಲ. ಎಕ್ಸ್‌ರೇ ತಗಸ್ಬೇಕು. ನೀ ಇಲ್ಲೇ ಕೂಡು.”

ನಾನು ಆಡಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅದೇ ನನ್ನ ಜಾಣತನ. ಎಕ್ಸ್‌ರೇ ಕೋಣೆಯ ಮುಂದೆ ಒಂದು ತಾಸು ಪಾಳಿ, ಆ ಒಂದು ತಾಸೂ ನಾನು ವರಾಂಡದ ಆ ತುದಿಯಿಂದ ಈ ತುದಿಗೆ ನಡೆದೆ. ಮನೆಗೆ ಹೋದಮೇಲೆ ಹೇಳೋಣ ಎಂದುಕೊಂಡೆ. ಮನೆಗೆ ಬಂದಮೇಲೆ ನಾಳೆ ಹೇಳೋಣ ಎಂದುಕೊಂಡೆ. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ, ಅದನ್ನು ಮಾತ್ರ ಎಲ್ಲರಿಗೂ ಸಾರಿ ಹೇಳಿದೆ. ಆ ದಿನಗಳಲ್ಲಿ ನನಗೆ ಎಲ್ಲಿ ನಿಂತರೂ ನೆಲ ಬಿಸಿಯಿದ್ದಂತೆ ಆಗುತ್ತಿತ್ತು. ಅಡುಗೆಮನೆಗೆ ಹೋಗಿ ಬಾಯಿ ತೆರೆಯುತ್ತಿದ್ದೆ, ನೀರು ಕುಡಿದು ವಾಪಸು ಬರುತ್ತಿದ್ದೆ. ಹೇಳಿದರೆ ಅವ್ವ ಹಗುರಾಗುತ್ತಾಳೆ, ಸರಿ. ಆಮೇಲೆ ನಾನು ಬಂದು ನಿಂತರೆ ಅವಳ ಕೈ ಹಿಟ್ಟಿನಲ್ಲಿ ನಿಲ್ಲುವುದಿಲ್ಲ. ಎಲ್ಲರ ಮನೆಯ ಹುಡುಗಿಯರ ಹಾಗೆ ನಾನೂ ಕೇಳಬೇಕು, ಬೈಸಿಕೊಳ್ಳಬೇಕು, ಇಲ್ಲ ಅನ್ನಿಸಿಕೊಳ್ಳಬೇಕು. ಅದೇ ವಾರದಲ್ಲಿ ಒಂದು ಸಂಜೆ ಸಾಸಿವೆ ಸೀದಿತೆಂದು ಆಯಿ ಶುರುಮಾಡಿ, ರೂಢಿಯ ಪ್ರಕಾರ ನನ್ನ ಮುಖದವರೆಗೆ ಬಂದಳು. ಅವ್ವ ಸ್ಟವ್ ಕಡೆ ತಿರುಗಲಿಲ್ಲ.

“ಅತ್ತೀ, ಆ ಮಾತು ಇಷ್ಟು ವರ್ಷ ಆಡಿದ್ದು ಸಾಕ್ರಿ. ಇನ್ನ ಬಿಡ್ರಿ.”

ದನಿ ಎತ್ತರಿಸಿಯೂ ಇರಲಿಲ್ಲ. ಆಯಿ ಬೇಳೆಯ ಮೊರ ಹಿಡಿದು ಅವಳನ್ನೇ ನೋಡಿದಳು, ನನಗೂ ಆಶ್ಚರ್ಯವಾಯಿತು. ಆಸ್ಪತ್ರೆಗೆ ಹೋಗಿ ಬಂದದ್ದರಿಂದ ಧೈರ್ಯ ಬಂದಿರಬೇಕು ಎಂದುಕೊಂಡೆ.

ಆಸ್ಪತ್ರೆಗೆ ಹೋಗಿ ಬಂದ ಒಂಬತ್ತನೆಯ ದಿನಕ್ಕೆ ಕಾಲೇಜಿನ ಚಾರಣದ ಗುಂಪು ಸಹ್ಯಾದ್ರಿಯ ಕೋಟೆಗಳಿಗೆ ಐದು ದಿನದ ಶಿಬಿರ ಗೊತ್ತುಮಾಡಿತು. ಹುಡುಗ ಹುಡುಗಿಯರು ಕೂಡಿ ಹೋಗುವುದು, ಬೆಟ್ಟದ ಮೇಲೆ ಡೇರೆ ಹಾಕಿ ಇರುವುದು. ಅಪ್ಪ ಕೇಳಿದ ಕೂಡಲೇ ಇಲ್ಲ ಎಂದ. ಆಯಿ ಅದಕ್ಕೂ ಮೊದಲೇ ಇಲ್ಲ ಎಂದಿದ್ದಳು. ಮರುದಿನ ಮಧ್ಯಾಹ್ನ, ಗಿರಾಕಿಗಳೆಲ್ಲ ಹೋದ ಮೇಲೆ, ಹದಿನೆಂಟು ವರ್ಷದ ಕತ್ತೆ ನಾನು, ಎಲ್ಲ ತಿಳಿದೂ ಮಾಳಿಗೆಯ ಮೆಟ್ಟಿಲನ್ನು ನಾಲ್ಕು ಸಲ ಓಡಿ ಹತ್ತಿ ಇಳಿದು, ಅಡುಗೆಮನೆಯ ಬಾಗಿಲಲ್ಲಿ ಎಡಗೆನ್ನೆ ಮುಂದೆ ಮಾಡಿ ನಿಂತೆ. ಅವ್ವ ಪರಾತ ತೊಳೆಯುತ್ತಿದ್ದಳು. ತಲೆ ಎತ್ತಿ ಬಹಳ ಹೊತ್ತು ನೋಡಿದಳು. ಎದ್ದು ಬಂದು, ಒದ್ದೆ ಕೈಯಿಂದ ನನ್ನ ಗದ್ದ ಹಿಡಿದು ಮುಖವನ್ನು ಆಚೆ ತಿರುಗಿಸಿ ಬಲಗೆನ್ನೆ ನೋಡಿದಳು, ಮತ್ತೆ ಹೋಗಿ ಕೂತಳು.

“ಹೋಗಿ ಬಾ. ನಿಮ್ಮಪ್ಪಗ ನಾ ಹೇಳ್ತೀನಿ.”

ಅವತ್ತು ರಾತ್ರಿ ಅಪ್ಪನೊಂದಿಗೆ ಏನು ಮಾತಾಡಿದಳೋ ನನಗೆ ತಿಳಿಯದು. ಬೆಳಿಗ್ಗೆ ಅಪ್ಪ ಮುಖ ಗಂಟಿಕ್ಕಿಕೊಂಡೇ ಹೊಸ ಟಾರ್ಚು ತಂದುಕೊಟ್ಟ. ಅವ್ವ ನಾಲ್ವತ್ತು ಕಟಕ ರೊಟ್ಟಿ, ಡಬ್ಬಿ ತುಂಬ ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ಕೋಟೆಯ ಮೇಲೆ ನಾನು ಎಲ್ಲರಿಗಿಂತ ಮುಂದೆ ನಡೆದೆ, ಎಲ್ಲರಿಗಿಂತ ಹೆಚ್ಚು ನಕ್ಕೆ. ಎರಡನೆಯ ದಿನ ಕೊಳದ ಬಳಿ ಊಟಕ್ಕೆ ಕೂತು ಗಂಟು ಬಿಚ್ಚಿದಾಗ ಗೆಳೆಯರೆಲ್ಲ ಆ ರೊಟ್ಟಿಯ ಮೇಲೆ ಮುಗಿಬಿದ್ದರು. ಇಷ್ಟು ತೆಳ್ಳಗೆ ಹೇಗೆ ತಟ್ಟುತ್ತಾರೆ ನಿನ್ನ ತಾಯಿ ಎಂದು ಒಬ್ಬಳು ಮರಾಠಿಯಲ್ಲಿ ಕೇಳಿದಳು. ನನಗೆ ಹೇಳಲು ಬರಲಿಲ್ಲ, ನಾನು ಕಲಿತೇ ಇರಲಿಲ್ಲವಲ್ಲ. ನನ್ನ ಮೇಲೆ ನನಗೆ ಹೇಸಿಗೆ ಬಂತು. ಮಿಕ್ಕ ಮೂರು ದಿನ ಆ ಕೋಟೆಗಳಲ್ಲಿ ಏನು ನೋಡಿದೆನೋ ಒಂದೂ ನೆನಪಿಲ್ಲ.

ತಿರುಗಿ ಬಂದ ಮರುದಿನ, ಹತ್ತೂವರೆಯ ಸುಮಾರಿಗೆ, ಅವ್ವ ರೊಟ್ಟಿಗೆ ಕೂತಾಗ ಹೋಗಿ ಅವಳ ಪಕ್ಕದಲ್ಲಿ ಕೂತೆ. ಆಯಿ ನಲ್ಲಿಯ ಕಡೆಗಿದ್ದಳು.

“ಅವ್ವಾ, ಡಾಕ್ಟರ್ ಹೇಳಿದ್ದು ಒಂದು ನಿನಗ ಹೇಳಿಲ್ಲ ನಾ.”

ಅವಳು ತಟ್ಟುತ್ತಲೇ ಇದ್ದಳು.

“ನೀ ಹೊಡದಿದ್ದಕ್ಕ ಆಗಿದ್ದಲ್ಲ ಇದು. ಕೆಂಪಾಗೋ ಗಲ್ಲ ಬರೋಬರಿ ಅದಂತ. ಕೆಟ್ಟಿದ್ದು ಈ ಕಡೀದು, ಬೆಳ್ಳಗಿರೋದು. ಅವತ್ತ ಹೇಳಿದ್ರು.”

“ಗೊತ್ತದ.”

ರೊಟ್ಟಿ ಎತ್ತಿ ಹಂಚಿಗೆ ಹಾಕಿದಳು, ಬಟ್ಟೆಯಿಂದ ನೀರು ಸವರಿದಳು.

“ಯಾರ ಹೇಳಿದ್ರು?”

“ನೀ ಎಕ್ಸ್‌ರೇಕ್ಕ ಹೋದಾಗ ಒಳಗಿಂದ ಒಬ್ಬಾಕಿ ಸಣ್ಣ ಡಾಕ್ಟರೀಣ ಬಂದಿದ್ಲು. ನಾನ ಹಿಡಕೊಂಡು ಕೇಳಿದೆ. ನನ್ನ ಕೈಲೆ ಆತೇನ್ರಿ ಇದು, ಅಂತ. ಪಾಪ, ಬಾಜೂಕ ಕೂತು ಎಲ್ಲಾ ತಿಳಿಸಿ ಹೇಳಿದ್ಲು. ಅಕಿ ಮುಂದನ ಅತ್ತಬಿಟ್ಟೆ ನೋಡು.”

ಹನ್ನೊಂದು ವರ್ಷ ಮನೆಯಲ್ಲಿ ಯಾರ ಮುಂದೆಯೂ ಆಡದ ಮಾತನ್ನು ಅವಳು ಸಂತೆಯ ಮರಾಠಿಯಲ್ಲಿ ಒಬ್ಬ ಅಪರಿಚಿತ ಹುಡುಗಿಯ ಮುಂದೆ ಆಡಿದ್ದಳು. ಅದೇ ಹೊತ್ತಿಗೆ ನಾನು ವರಾಂಡದಲ್ಲಿ ಅಡ್ಡಾಡುತ್ತ, ಹೇಳುವುದೋ ಬಿಡುವುದೋ ಎಂದು ಲಾಭ ನಷ್ಟ ನೋಡುತ್ತಿದ್ದೆ.

“ಮತ್ತ ನನಗ ಯಾಕ ಕೇಳಲಿಲ್ಲ?”

“ನೀನ ಹೇಳ್ತಿ ಅಂತ ಕಾದೆ.”

“ಶಿಬಿರಕ್ಕ ಹೋಗೋ ಮುಂದ, ನಾ ಬಂದು ನಿಂತಾಗ… ಅವಾಗ್ಲೂ ಗೊತ್ತಿತ್ತು?”

“ಗೊತ್ತಿತ್ತು.”

“ಗೊತ್ತಿದ್ದೂ ಯಾಕ ಕಳಿಸಿದಿ ಅವ್ವಾ?”

ಅವ್ವ ನನ್ನ ಕಡೆ ನೋಡಿದಳು. ಇಷ್ಟು ದೊಡ್ಡವಳಾಗಿ ಇದೆಂಥ ಪ್ರಶ್ನೆ ಕೇಳುತ್ತಿದ್ದಾಳೆ ಎಂಬಂತೆ ನೋಡಿದಳು.

“ನಿನಗ ಹೋಗ್ಬೇಕಾಗಿತ್ತಲ್ಲ, ಅದಕ್ಕ ಕಳಿಸಿದೆ.”

ಹಾಗಾದರೆ ಅದಕ್ಕೂ ಮೊದಲಿನವು? ನಾನು ಆ ಕೆನ್ನೆ ತೋರಿಸಿ ಕಸಿದುಕೊಂಡೆ ಎಂದು ನಂಬಿದ್ದರಲ್ಲಿ ಎಷ್ಟನ್ನು ಅವಳು ತಪ್ಪಿತಸ್ಥೆಯಾಗಿ ಕೊಟ್ಟಿದ್ದಳು, ಎಷ್ಟನ್ನು ನನಗೆ ಬೇಕಾಗಿತ್ತೆಂದು ಕೊಟ್ಟಿದ್ದಳು? ಅವತ್ತು ಕೇಳಲಿಲ್ಲ. ಅವ್ವ ಈಗ ನನ್ನ ಜೊತೆಗೇ ಇದ್ದಾಳೆ, ಗೋಡೆಯ ಆಚೆ ಅವಳ ಟೀವಿಯ ಸದ್ದು ಕೇಳಿಸುತ್ತಿದೆ. ಇನ್ನೂ ಕೇಳಿಲ್ಲ.